‘ಈಗ ದುಡ್ಡು ಕಟ್ಟಿ, ಆಮೇಲೆ ಕಾರ್ಡಲ್ಲಿ ಬರುತ್ತೆ’ ಅಂದರೆ ನಂಬಬೇಡಿ

ಆಯುಷ್ಮಾನ್ ಕಾರ್ಡ್ ಮಾಡಿಸಿ ಬೀರುವಿನಲ್ಲಿಟ್ಟು ನೆಮ್ಮದಿಯಾಗಿರುವ ಬಿಪಿಎಲ್ ಮನೆಯವರು ಇದನ್ನು ಓದಲೇಬೇಕು.

ನಮ್ಮ ದೊಡ್ಡಪ್ಪನಿಗೆ ನಾಲ್ಕು ಹೆಜ್ಜೆ ನಡೆದರೆ ಎದೆ ಹಿಡಿದಂತಾಗುತ್ತಿತ್ತು. ಯೋಜನೆಯ ಬೋರ್ಡ್ ಹಾಕಿಕೊಂಡಿದ್ದ ಖಾಸಗಿ ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಆಂಜಿಯೋಗ್ರಾಮ್‌ನಲ್ಲಿ ಬ್ಲಾಕ್ ಕಂಡಿತು, ಸ್ಟೆಂಟ್ ಹಾಕಬೇಕೆಂದರು. ಕಾರ್ಡ್ ಮುಂದಿಟ್ಟರೆ ಕೌಂಟರಿನವರು ಕೇಳಿದ್ದು ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್, ಅಂದರೆ ಈ ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದೇವೆ ಅಂತ ಅಲ್ಲಿನ ವೈದ್ಯರು ಬರೆದುಕೊಡುವ ಚೀಟಿ. ಜಿಲ್ಲಾಸ್ಪತ್ರೆಗೆ ಹೋಗಿ ತರುತ್ತೇವೆ ಅಂದೆವು. ‘ಅಲ್ಲೀವರೆಗೂ ಪೇಷಂಟ್ ತಡೆಯಲ್ಲ. ಈಗ ಕಟ್ಟಿಬಿಡಿ, ಆಮೇಲೆ ಕಾರ್ಡಲ್ಲಿ ಮಾಡಿಕೊಡ್ತೀವಿ’ ಅಂತ ಒಂದು ಇಂಗ್ಲಿಷ್ ಹಾಳೆಯನ್ನು ದೊಡ್ಡಮ್ಮನ ಮುಂದೆ ನೂಕಿದರು. ಯೋಜನೆಯ ಸೌಲಭ್ಯ ಬೇಡ, ಸ್ವಇಚ್ಛೆಯಿಂದ ನಗದು ಕಟ್ಟುತ್ತೇವೆ ಅಂತ ಅದರಲ್ಲಿತ್ತು. ಕನ್ನಡ ಓದೋದಕ್ಕೇ ಕನ್ನಡಕ ಹುಡುಕುವ ಹೆಂಗಸು, ಪಾಪ, ಸಹಿ ಹಾಕಿದಳು. ಅವಳ ಬಳೆ ಅಡವಿಗೆ ಹೋಯಿತು.

ಡಿಸ್ಚಾರ್ಜ್ ದಿನ ಕೇಳಿದರೆ, ‘ಆಪರೇಷನ್ ಆದಮೇಲೆ ಅಪ್ರೂವಲ್ ಸಿಗಲ್ಲ ಸಾರ್.’ ಇದು ಮಾತ್ರ ನಿಜ. ಅನುಮತಿ ಸಾಮಾನ್ಯವಾಗಿ ಚಿಕಿತ್ಸೆಗೆ ಮುಂಚೆಯೇ ಬರಬೇಕು, ಹಣ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ನೇರವಾಗಿ ಆಸ್ಪತ್ರೆಗೇ ಹೋಗುತ್ತದೆ. ನಾವು ಕಟ್ಟಿ ವಾಪಸ್ ಪಡೆಯುವ ದಾರಿ ಈ ಯೋಜನೆಯಲ್ಲಿಲ್ಲ. ದೂರು ಕೊಟ್ಟಾಗ ಆಸ್ಪತ್ರೆಯವರು ಉತ್ತರವಾಗಿ ಕಳಿಸಿದ್ದು ಅದೇ ಹಾಳೆಯ ಜೆರಾಕ್ಸ್.

ಅವರ ಮಾತಿನ ಚಮತ್ಕಾರ ನೋಡಿ. ಪೇಷಂಟ್ ತಡೆಯಲ್ಲ ಅನ್ನುವುದಾದರೆ ಅದು ತುರ್ತು ಪ್ರಕರಣ, ತುರ್ತು ಪಟ್ಟಿಯ ಚಿಕಿತ್ಸೆಗೆ ರೆಫರಲ್ಲೇ ಬೇಕಿಲ್ಲ. ತುರ್ತಲ್ಲ ಅನ್ನುವುದಾದರೆ ಲೆಟರ್ ತರೋದಕ್ಕೆ ಸಮಯವಿದೆ. ಎರಡನ್ನೂ ಒಂದೇ ಬಾಯಲ್ಲಿ ಹೇಳಿದರೆ ದುಡ್ಡು ಕೀಳುತ್ತಿದ್ದಾರೆ ಅಂತಲೇ ಅರ್ಥ. ‘ಇದು ಎಮರ್ಜೆನ್ಸಿನಾ ಅಲ್ವಾ, ಬರೆದು ಕೊಡಿ’ ಅನ್ನಿ.

2018ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದಾಗಿನಿಂದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಅದು ತಲೆಗೆ 5 ಲಕ್ಷವಲ್ಲ, ಇಡೀ ಮನೆಗೆ. ರೆಫರಲ್ ವಿಷಯ ಮಾತ್ರ ಕೌಂಟರಿನಲ್ಲೇ ಗೊತ್ತಾಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವಂಥದ್ದು ಅಲ್ಲೇ ಆಗಲಿ ಅನ್ನುವ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಸ್ಟೆಂಟ್ ಹಾಕುವ ಸೌಲಭ್ಯವೇ ಇಲ್ಲದ ಕಡೆಗೂ ಹೃದ್ರೋಗಿಯ ಮನೆಯವರು ಬರೀ ಚೀಟಿಗಾಗಿ ಅಲೆಯಬೇಕಾ?

ದಾಖಲಾಗುವ ಮುಂಚೆ ಯೋಜನೆಯ ರೋಗಿಗಳಿಗೆ ನೆರವಾಗಲೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಹುಡುಕಿ, ಬಿಲ್ಲಿಂಗ್ ಕೌಂಟರಿಗೆ ಆಮೇಲೆ ಹೋಗಿ. ‘ಅವರು ರಜೆ’ ಅಂದರೆ ಅಲ್ಲೇ ನಿಂತು ಸಹಾಯವಾಣಿ 104ಕ್ಕೋ 14555ಕ್ಕೋ ಫೋನ್ ಮಾಡಿ. ‘ಸ್ಟೆಂಟ್ ಬೇರೆ, ಔಷಧಿ ಬೇರೆ’ ಅಂತಲೂ ಕೇಳುತ್ತಾರೆ. ಅವೆಲ್ಲ ಪ್ಯಾಕೇಜಿನೊಳಗೇ, ಅಂದರೆ ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಒಟ್ಟು ದರದೊಳಗೇ ಬರುತ್ತವೆ, ಬಿಪಿಎಲ್‌ನವರು ಮೇಲೆ ಕೊಡಬೇಕಾದ್ದಿಲ್ಲ. ಎಪಿಎಲ್‌ನವರ ಲೆಕ್ಕ ಬೇರೆ: ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಉಳಿದದ್ದನ್ನು ಹೊಂದಿಸಿಕೊಂಡೇ ಹೊರಡಿ.