ಫ್ಯಾನ್ ಫಿಕ್ಷನ್ ಬರೆಯುವವರಿಗೆ ಎಓ3: ಗುಟ್ಟು ಎಷ್ಟು ಉಳಿಯುತ್ತದೆ?

ಮೆಚ್ಚಿದ ಕಥೆಯ ಪಾತ್ರಗಳನ್ನು ಎತ್ತಿಕೊಂಡು ತಮ್ಮದೇ ಕಥೆ ಹೆಣೆಯುವವರು, ಅಂದರೆ ಫ್ಯಾನ್ ಫಿಕ್ಷನ್ ಬರೆಯುವವರು, ಬರೆದದ್ದನ್ನು ಎಲ್ಲಿಡಬೇಕು ಎಂದು ಕೇಳಿದರೆ ಇಂದು ಬಹುಮಟ್ಟಿಗೆ ಸಿಗುವ ಉತ್ತರ ಎಓ3, ಅಂದರೆ ಆರ್ಕೈವ್ ಆಫ್ ಅವರ್ ಓನ್. ಅಲ್ಲಿನ ಹುಡುಕಾಟದ ಅನುಕೂಲ, ಕಥೆಯ ವಿಷಯ ಸೂಚಿಸುವ ಟ್ಯಾಗ್‌ಗಳ ಅಚ್ಚುಕಟ್ಟು, ಒಂದು ಕೋಟಿಗೂ ಮೀರಿದ ಕೃತಿಗಳ ರಾಶಿ, 2019ರಲ್ಲಿ ಬಂದ, ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ, ಇವುಗಳ ಬಗ್ಗೆ ಬೇಕಾದಷ್ಟು ಹೊಗಳಿಕೆ ಬಂದಿದೆ. ನಾನಿಲ್ಲಿ ನೋಡಹೊರಟಿರುವುದು ಬೇರೆ. ತಾನು ಇಂಥದ್ದನ್ನು ಬರೆಯುತ್ತೇನೆಂದು ಕಚೇರಿಯಲ್ಲಾಗಲಿ ನೆಂಟರಿಷ್ಟರ ನಡುವೆಯಾಗಲಿ ಹೇಳಿಕೊಳ್ಳಲು ಇಷ್ಟಪಡದ ಲೇಖಕಿಯ ಗುಟ್ಟನ್ನು ಈ ತಾಣ ಎಷ್ಟರಮಟ್ಟಿಗೆ ಕಾಯುತ್ತದೆ? ಹಲವು ವರ್ಷಗಳಿಂದ ಅಲ್ಲಿ ಬರೆಯುತ್ತಿರುವ ನನ್ನ ಅಭಿಪ್ರಾಯ ಇಷ್ಟು: ಮಾಹಿತಿ ಮಾರುವ ಕಂಪನಿಗಳಿಂದ ಕಾಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ನಮ್ಮನ್ನು ಬಲ್ಲವರಿಂದ ಕಾಯುವ ಕೆಲಸವನ್ನು ಅದು ನಮ್ಮ ಪಾಲಿಗೇ ಬಿಟ್ಟಿದೆ.

ಖಾತೆ ತೆರೆಯುವ ಕ್ರಮವೇ ಮನಸ್ಸಿಗೆ ಹಿತವಾಗುತ್ತದೆ. ಇಮೇಲ್ ವಿಳಾಸವೊಂದನ್ನು ಕೊಟ್ಟು ಆಹ್ವಾನದ ಸರದಿಯಲ್ಲಿ ಕಾಯಬೇಕು. ಆಹ್ವಾನ ಬಂದ ಮೇಲೆ ಒಂದು ಹೆಸರನ್ನೂ ಪಾಸ್‌ವರ್ಡನ್ನೂ ಆರಿಸಿಕೊಂಡು, ವಯಸ್ಸಿನ ಷರತ್ತಿಗೂ ನಿಯಮಗಳಿಗೂ ಒಪ್ಪಿಗೆ ಕೊಟ್ಟರೆ ಮುಗಿಯಿತು. ಮೊಬೈಲ್ ನಂಬರ್ ಇಲ್ಲ, ಓಟಿಪಿ ಇಲ್ಲ, ನಿಜವಾದ ಹೆಸರಿನ ಪ್ರಸ್ತಾಪವೇ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಅರ್ಧ ಕೆಜಿ ಸಕ್ಕರೆ ಕೊಂಡರೂ ಬಿಲ್ ಹಾಕುವವರು ಫೋನ್ ನಂಬರ್ ಕೇಳುವ ಈ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ತಾಣದಲ್ಲಿ ಜಾಹೀರಾತು ಇಲ್ಲದಿರುವುದರಿಂದ, ನಾವು ಯಾವ ಕಥೆಯನ್ನು ಎಷ್ಟು ಹೊತ್ತು ಓದಿದೆವು ಎಂಬುದನ್ನು ಲೆಕ್ಕವಿಟ್ಟು ಮಾರಬೇಕಾದ ಅಗತ್ಯವೂ ಅದಕ್ಕಿಲ್ಲ. ಐಪಿ ವಿಳಾಸದಂಥ ತಾಂತ್ರಿಕ ವಿವರಗಳು ದಾಖಲಾಗುತ್ತವೆ ನಿಜ, ಅದನ್ನು ಅವರು ತಮ್ಮ ಖಾಸಗಿತನದ ನೀತಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಈ ಧೋರಣೆಗೆ ಒಂದು ಹಿನ್ನೆಲೆಯಿದೆ. 2007ರ ಮೇ ತಿಂಗಳ ಕೊನೆಯಲ್ಲಿ ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣ ಯಾವ ಮುನ್ಸೂಚನೆಯನ್ನೂ ಕೊಡದೆ ನೂರಾರು ಖಾತೆಗಳನ್ನು ಅಮಾನತುಗೊಳಿಸಿತು, ಅವುಗಳಲ್ಲಿ ಫ್ಯಾನ್ ಫಿಕ್ಷನ್ ಬರೆಯುವವರ ಖಾತೆಗಳೂ ಇದ್ದವು. ಅದೇ ವರ್ಷ ಫ್ಯಾನ್‌ಲಿಬ್ ಎಂಬ ಕಂಪನಿ ಅಭಿಮಾನಿಗಳ ಬರವಣಿಗೆಯಿಂದ ಹಣ ಮಾಡಲು ಹೊರಟಿತ್ತು. ಬೇರೆಯವರ ಸರ್ವರ್‌ನಲ್ಲಿ ಬಾಡಿಗೆಗಿದ್ದರೆ ಯಾವತ್ತು ಬೇಕಾದರೂ ಎಬ್ಬಿಸುತ್ತಾರೆಂಬುದು ಖಚಿತವಾದಾಗ, ಆ ವರ್ಷವೇ ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್, ಚಿಕ್ಕದಾಗಿ ಓಟಿಡಬ್ಲ್ಯೂ, ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದು 2009ರ ನವೆಂಬರ್‌ನಲ್ಲಿ ಎಓ3ಯನ್ನು ಸಾರ್ವಜನಿಕರಿಗೆ ತೆರೆಯಿತು. ಸ್ವಯಂಸೇವಕರ ದುಡಿಮೆ, ಓದುಗರ ದೇಣಿಗೆ, ಯಾರು ಬೇಕಾದರೂ ನೋಡಬಹುದಾದ ಮುಕ್ತ ತಂತ್ರಾಂಶ, ಇಷ್ಟರಲ್ಲೇ ಅದು ಇಂದಿಗೂ ನಡೆಯುತ್ತಿದೆ. ಬರೆಯುವವರೇ ಕಟ್ಟಿಕೊಂಡ ಮನೆಯಾದ್ದರಿಂದ ಬರೆಯುವವರ ಭಯಗಳು ಅದರ ಗೋಡೆಗಳಲ್ಲಿ ಸೇರಿಹೋಗಿವೆ: ಇನ್ನೊಬ್ಬರ ನಿಜವಾದ ಹೆಸರನ್ನು ಬಯಲು ಮಾಡುವುದು ಅಲ್ಲಿನ ನಿಯಮಗಳ ಪ್ರಕಾರ ನಿಷಿದ್ಧ.

ಆದರೆ ನಿಯಮ ಇರುವುದು ತಾಣದ ಒಳಗೆ. ಅಭಿಮಾನಿಗಳ ಲೋಕದಲ್ಲಿ ಗುಟ್ಟು ಬಯಲಾಗುವುದು ಸಾಮಾನ್ಯವಾಗಿ ದೊಡ್ಡ ಕಂಪನಿಯಿಂದಲ್ಲ, ಪಕ್ಕದಲ್ಲೇ ಕೂತು ಓದುವ ಇನ್ನೊಬ್ಬ ಅಭಿಮಾನಿಯಿಂದ. ನಾನು ಬರೆಯುವುದು ಹೆಚ್ಚಾಗಿ ಮಹಾಭಾರತದ ಪಾತ್ರಗಳ ಮೇಲೆ. ಜಗತ್ಪ್ರಸಿದ್ಧ ಇಂಗ್ಲಿಷ್ ಸರಣಿಗಳ ಅಭಿಮಾನಿ ಬಳಗಕ್ಕೆ ಹೋಲಿಸಿದರೆ ಎಓ3ಯಲ್ಲಿ ಈ ಬಳಗ ತೀರಾ ಚಿಕ್ಕದು. ಸಾವಿರಾರು ಜನ ಬರೆಯುವ ಕಡೆ ಹೊಸ ಹೆಸರಿಟ್ಟುಕೊಂಡರೆ ಗುಂಪಿನಲ್ಲಿ ಕರಗಿಹೋಗಬಹುದು, ಕೈಬೆರಳೆಣಿಕೆಯ ಜನರಿರುವಲ್ಲಿ ಹೆಸರು ಬದಲಾದರೂ ಕೈ ಬದಲಾಗುವುದಿಲ್ಲ. ಕರ್ಣ ಮತ್ತು ಕೃಷ್ಣರ ನಡುವಿನ ಮಾತುಕತೆಯ ಕಥೆಯೊಂದಕ್ಕೆ ಬಂದ ಮೊದಲ ಪ್ರತಿಕ್ರಿಯೆಗಳಲ್ಲೇ ಒಬ್ಬರು, 'ವಾದದ ಧಾಟಿ ನೋಡಿದರೆ ನೀವು ತಾಳಮದ್ದಳೆ ಕೇಳಿ ಬೆಳೆದವರಿರಬೇಕು, ಹೊನ್ನಾವರದ ಕಡೆಯವರಾ?' ಎಂದು ಕೇಳಿದ್ದರು. ಕಥೆ ಇದ್ದದ್ದು ಇಂಗ್ಲಿಷಿನಲ್ಲಿ. ಅವರು ತೀರಾ ಪ್ರೀತಿಯಿಂದಲೇ ಕೇಳಿದ್ದು, ಊಹೆಯೂ ಹೆಚ್ಚು ದೂರ ಹೋಗಿರಲಿಲ್ಲ. ಇದಕ್ಕೆ ಯಾವ ತಾಣವೂ ಮದ್ದು ಕೊಡಲಾರದು. ಆದರೂ ಒಂದು ಕಥೆಯಿಂದ ಸಿಕ್ಕ ಸುಳಿವು ಮತ್ತೊಂದು ಕಥೆಯವರೆಗೆ ಹೋಗದಂತೆ ತಡೆಯುವ ಸಾಧನವಿದೆಯೇ ಎಂದು ಕೇಳುವ ಹಕ್ಕು ಬಳಕೆದಾರರಿಗಿದೆ.

ಹೊಸಬರು ತಪ್ಪಾಗಿ ತಿಳಿಯುವುದು ಇಲ್ಲೇ. ಎಓ3ಯಲ್ಲಿ ಒಂದೇ ಖಾತೆಯ ಅಡಿಯಲ್ಲಿ ಎಷ್ಟು ಬೇಕಾದರೂ ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಳ್ಳಬಹುದು, ಅವನ್ನು ಅಲ್ಲಿ ಸ್ಯೂಡ್ ಎನ್ನುತ್ತಾರೆ. ಪೌರಾಣಿಕ ಕಥೆಗೊಂದು ಹೆಸರು, ಮನೆಯವರು ಓದಬಾರದ ಕಥೆಗಿನ್ನೊಂದು ಎಂದು ಹಂಚಿಕೊಂಡು ನೆಮ್ಮದಿಯಾಗಿರಬಹುದೆಂದು ಅನ್ನಿಸುತ್ತದೆ. ಆದರೆ ಕಥೆಯ ಶೀರ್ಷಿಕೆಯ ಕೆಳಗೆ ಸ್ಯೂಡ್‌ನ ಪಕ್ಕದಲ್ಲೇ ಆವರಣದೊಳಗೆ ಮೂಲ ಖಾತೆಯ ಹೆಸರೂ ಕಾಣುತ್ತದೆ, ಅದನ್ನು ಹಿಡಿದು ಹೋದರೆ ಉಳಿದದ್ದೆಲ್ಲ ಸುಲಭವಾಗಿ ಸಿಗುತ್ತದೆ. ಸ್ಯೂಡ್ ಇರುವುದು ಬರಹಗಳನ್ನು ವಿಂಗಡಿಸಿ ಇಡಲು, ಬಚ್ಚಿಡಲು ಅಲ್ಲ. ನಿಜವಾಗಿ ಬೇರ್ಪಡಿಸಬೇಕೆಂದಿದ್ದರೆ ಬೇರೆ ಇಮೇಲ್‌ನಿಂದ ಬೇರೆ ಖಾತೆಯನ್ನೇ ತೆರೆಯಬೇಕು. ಇದನ್ನು ಸಹಾಯದ ಪುಟಗಳಲ್ಲಿ ವಿವರಿಸಿದ್ದಾರೆ, ಆದರೆ ಸಹಾಯದ ಪುಟವನ್ನು ಯಾರಾದರೂ ಓದುವುದು ಸಹಾಯ ಬೇಕಾದ ಮೇಲೆ.

ಇದಕ್ಕೆ ಹೋಲಿಸಿದರೆ ಅನಾಮಧೇಯ ಸಂಗ್ರಹದ ಏರ್ಪಾಡು ಬಲು ಜಾಣತನದ್ದು. ಕಥೆಯನ್ನು ಅಂಥದ್ದೊಂದು ಸಂಗ್ರಹಕ್ಕೆ ಸೇರಿಸಿದರೆ ಲೇಖಕರ ಹೆಸರಿನ ಜಾಗದಲ್ಲಿ 'ಅನಾನಿಮಸ್' ಎಂದಷ್ಟೇ ಬರುತ್ತದೆ, ಪ್ರತಿಕ್ರಿಯೆಗಳಿಗೆ ನಾವು ಕೊಡುವ ಉತ್ತರದಲ್ಲೂ ಹೆಸರು ಕಾಣುವುದಿಲ್ಲ, ಆದರೆ ತಿದ್ದುವ ಮತ್ತು ಅಳಿಸುವ ಅಧಿಕಾರ ನಮ್ಮಲ್ಲೇ ಉಳಿಯುತ್ತದೆ. ಇದು ಪ್ರಕಟಿಸುವ ಹೊತ್ತಿನಲ್ಲೇ ಆಗಬೇಕು ಎಂಬುದೊಂದು ಎಚ್ಚರ, ಏಕೆಂದರೆ ಮೊದಲು ಹೆಸರಿನೊಂದಿಗೆ ಪ್ರಕಟಿಸಿ ಮರುದಿನ ಮರೆಮಾಡಿದರೆ, ನಮ್ಮ ಖಾತೆಗೆ ಚಂದಾದಾರರಾದವರ ಇಮೇಲ್‌ನಲ್ಲಿ ಕಥೆಯ ಹೆಸರೂ ನಮ್ಮ ಹೆಸರೂ ಆಗಲೇ ಹೋಗಿ ಕೂತಿರುತ್ತವೆ.

ಇನ್ನೊಂದು ಏರ್ಪಾಡು ಕಥೆಯನ್ನು 'ಆರ್ಫನ್', ಅಂದರೆ ಅನಾಥ, ಮಾಡುವುದು. ಕಥೆ ತಾಣದಲ್ಲೇ ಉಳಿಯುತ್ತದೆ, ಅದರ ಒಡೆತನ ಮಾತ್ರ ನಮ್ಮ ಖಾತೆಯಿಂದ ಕಳಚಿ 'ಆರ್ಫನ್ ಅಕೌಂಟ್' ಎಂಬ ಸಾಮಾನ್ಯ ಖಾತೆಗೆ ಹೋಗುತ್ತದೆ. ಹೊಸ ಕೆಲಸಕ್ಕೆ ಸೇರಿದವರು, ಮದುವೆಯಾಗಿ ಬೇರೆ ಮನೆಗೆ ಹೋದವರು, ಅಭಿಮಾನಿಗಳ ಜಗಳದಿಂದ ಬೇಸತ್ತವರು ಓದುಗರಿಗೆ ಕಥೆಯನ್ನು ಇಲ್ಲವಾಗಿಸದೆ ತಾವು ಮಾತ್ರ ಹೊರಬರಲು ಇದಕ್ಕಿಂತ ಸಭ್ಯವಾದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಒಮ್ಮೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕಥೆಯ ಕೆಳಗೆ ಓದುಗರು ನಮ್ಮನ್ನು ಹೆಸರಿಟ್ಟು ಕರೆದ ಪ್ರತಿಕ್ರಿಯೆಗಳಿದ್ದರೆ ಒಡೆತನ ಬಿಟ್ಟ ಮೇಲೆ ಅವನ್ನು ಅಳಿಸುವ ಅಧಿಕಾರವೂ ಹೋಗುತ್ತದೆ, ಆದ್ದರಿಂದ ಮೊದಲೇ ಕೂತು ಅವನ್ನು ಹುಡುಕಿ ತೆಗೆಯಬೇಕು. ಇನ್ನು ಪ್ರತಿ ಕಥೆಯನ್ನೂ ಇಪಬ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳುವ ಸೌಲಭ್ಯವಿರುವುದರಿಂದ, ಹಳೆಯ ಹೆಸರಿರುವ ಪ್ರತಿಗಳು ಯಾರ ಫೋನಿನಲ್ಲಿ ಮಲಗಿವೆಯೋ ಹೇಳಲಾಗದು.

ಬರೆಯುವವರಷ್ಟೇ ಓದುವವರಿಗೂ ಗುಟ್ಟುಗಳಿರುತ್ತವೆ. ಬುಕ್‌ಮಾರ್ಕನ್ನು ಖಾಸಗಿಯಾಗಿಡಬಹುದು, ಓದಿದ್ದರ ದಾಖಲೆಯನ್ನು ನಿಲ್ಲಿಸಬಹುದು, ಚಂದಾದಾರರ ಸಂಖ್ಯೆ ಮಾತ್ರ ಲೇಖಕರಿಗೆ ತಿಳಿಯುತ್ತದೆ, ಅವರು ಯಾರೆಂಬುದು ತಿಳಿಯುವುದಿಲ್ಲ. ಆದರೆ ಮೆಚ್ಚುಗೆ ಸೂಚಿಸಲು ಕುಡೋಸ್ ಒತ್ತಿದರೆ ಕಥೆಯ ಕೆಳಗೆ ನಮ್ಮ ಖಾತೆಯ ಹೆಸರು ಎಲ್ಲರಿಗೂ ಕಾಣುವಂತೆ ಸೇರಿಕೊಳ್ಳುತ್ತದೆ, ಅದನ್ನು ವಾಪಸ್ ತೆಗೆದುಕೊಳ್ಳಲು ಬಟನ್ ಇಲ್ಲ. ನಾಚಿಕೆಯ ಕಥೆಗಳಿಗೆ ಬಹಳ ಜನ ಲಾಗ್ ಔಟ್ ಆಗಿ ಅತಿಥಿಯಾಗಿ ಕುಡೋಸ್ ಕೊಡುವುದು ಇದೇ ಕಾರಣಕ್ಕೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇಮೇಲ್. ಯಾರಾದರೂ ಪ್ರತಿಕ್ರಿಯೆ ಬರೆದೊಡನೆ ಬರುವ ಪತ್ರದ ವಿಷಯದ ಸಾಲಿನಲ್ಲಿ ಎಓ3 ಎಂದೂ ಕಥೆಯ ಶೀರ್ಷಿಕೆ ಯಾವುದೆಂದೂ ಇರುತ್ತದೆ. ಮೇಜಿನ ಮೇಲಿಟ್ಟ ಫೋನಿನ ಪರದೆಯಲ್ಲಿ ಅದು ಮಿನುಗಿದಾಗ ಎದುರು ಕೂತ ಸಹೋದ್ಯೋಗಿ ಓದಿಕೊಳ್ಳಲು ಎರಡು ಸೆಕೆಂಡು ಸಾಕು. ಈ ಪತ್ರಗಳನ್ನು ಪ್ರಾಶಸ್ತ್ಯಗಳ ಪುಟದಲ್ಲಿ ನಿಲ್ಲಿಸಬಹುದು, ಅಥವಾ ಫೋನಿಗೆ ಸೇರಿಸದ ಪ್ರತ್ಯೇಕ ಇಮೇಲ್ ವಿಳಾಸವನ್ನು ಮೊದಲೇ ಕೊಡಬಹುದು. ಹಾಗೆಯೇ ಪುಟದ ಮೇಲ್ಭಾಗದಲ್ಲಿ ಹಲೋ ಹೇಳುವ ಸಾಲಿನಲ್ಲಿ ನಮ್ಮ ಖಾತೆಯ ಹೆಸರಿರುತ್ತದೆ ಎಂಬುದನ್ನು ಮರೆತು, ತಮಾಷೆಯ ಟ್ಯಾಗ್ ಒಂದರ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವವರಿದ್ದಾರೆ.

ಕಥೆಗೆ ಬೀಗ ಹಾಕುವ ಸೌಲಭ್ಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ಆಯ್ಕೆಯನ್ನು ಗುರುತು ಹಾಕಿದರೆ ಖಾತೆಯಿದ್ದು ಲಾಗಿನ್ ಆದವರು ಮಾತ್ರ ಕಥೆಯನ್ನು ಓದಬಹುದು, ಸರ್ಚ್ ಎಂಜಿನ್‌ಗಳಿಗೂ ಅದು ಸಿಗುವುದಿಲ್ಲ. 2025ರಲ್ಲಿ ಎಓ3ಯಲ್ಲಿ ಎಲ್ಲರಿಗೂ ತೆರೆದಿದ್ದ ಸುಮಾರು 1.26 ಕೋಟಿ ಕೃತಿಗಳನ್ನು ಯಾರೋ ಒಟ್ಟಾಗಿ ಬಾಚಿಕೊಂಡು ಹಗ್ಗಿಂಗ್ ಫೇಸ್ ಎಂಬ ಕೃತಕ ಬುದ್ಧಿಮತ್ತೆಯ ತಾಣಕ್ಕೆ ಏರಿಸಿದ್ದರು. ಓಟಿಡಬ್ಲ್ಯೂ ಕೃತಿಸ್ವಾಮ್ಯದ ನೋಟಿಸ್ ಕೊಟ್ಟು ಅದನ್ನು ತಡೆಹಿಡಿಸಿತು, ಬೀಗ ಹಾಕಿದ್ದ ಕಥೆಗಳು ಆ ರಾಶಿಗೆ ಸೇರಿರಲಿಲ್ಲ. ಆ ಸುದ್ದಿಯ ನಂತರ ಅನೇಕರು ತಮ್ಮ ಕಥೆಗಳಿಗೆಲ್ಲ ಬೀಗ ಹಾಕಿದರು. ಅದರ ಬೆಲೆಯೂ ಕಡಿಮೆಯಲ್ಲ. ಬಸ್ಸಿನಲ್ಲಿ ಫೋನು ಹಿಡಿದು ಖಾತೆಯಿಲ್ಲದೆ ಓದುವವರು, ಅದರಲ್ಲೂ ಈಗಷ್ಟೇ ಓದಲು ಶುರುಮಾಡಿದವರು, ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಚಿಕ್ಕ ಬಳಗದಲ್ಲಿ ಬರೆಯುವವರಿಗೆ ಒಬ್ಬ ಓದುಗರೂ ದೊಡ್ಡದೇ. ನಾನು ನಮ್ಮ ಪುರಾಣದ ಕಥೆಗಳನ್ನು ತೆರೆದಿಟ್ಟು, ಜೀವನಕ್ಕೆ ಹತ್ತಿರವಾದ ಕೆಲವನ್ನು ಮಾತ್ರ ಬೀಗದೊಳಗೆ ಇಟ್ಟಿದ್ದೇನೆ. ಹಾಗೆಂದು ಬೀಗವನ್ನು ತಿಜೋರಿಯೆಂದು ಭಾವಿಸಬಾರದು. ಸರದಿಯಲ್ಲಿ ಕಾದು ಖಾತೆ ಪಡೆದ ಯಾರಿಗೂ ಆ ಬಾಗಿಲು ತೆರೆಯುತ್ತದೆ, ನಮ್ಮ ಅತ್ತಿಗೆಗೂ.

ಪ್ರತಿಕ್ರಿಯೆಗಳ ನಿಯಂತ್ರಣ ಚೆನ್ನಾಗಿದೆ: ಖಾತೆಯಿದ್ದವರಿಗೆ ಮಾತ್ರ ಅವಕಾಶ ಕೊಡಬಹುದು, ನಾವು ನೋಡಿ ಒಪ್ಪಿದ ಮೇಲಷ್ಟೇ ಕಾಣುವಂತೆ ಮಾಡಬಹುದು, ಕಾಟ ಕೊಡುವವರನ್ನು ತಡೆಯಬಹುದು. ಈಚೆಗೆ, 'ನಿಮ್ಮ ಕಥೆ ಓದಿ ಕಣ್ಣು ತುಂಬಿತು, ನಾನೊಬ್ಬ ಚಿತ್ರಕಲಾವಿದೆ, ಪಾತ್ರಗಳನ್ನು ಚಿತ್ರಿಸುವ ಆಸೆಯಿದೆ, ಡಿಸ್ಕಾರ್ಡ್‌ನಲ್ಲಿ ಮಾತಾಡೋಣವೇ' ಎಂಬ ಧಾಟಿಯ ಪ್ರತಿಕ್ರಿಯೆಗಳು ವಿಪರೀತವಾಗಿವೆ (ಡಿಸ್ಕಾರ್ಡ್ ಎಂಬುದು ಗುಂಪುಗಳಲ್ಲಿ ಹರಟುವ ತಾಣ). ಕಥೆಯ ಒಂದು ಘಟನೆಯನ್ನೂ ಹೆಸರಿಸದೆ ಹೊಗಳುವ ಇಂಥವರು ಕೊನೆಗೆ ಕೇಳುವುದು ಹಣ. ಎಓ3ಯಲ್ಲಿ ಖಾಸಗಿ ಸಂದೇಶ ಕಳಿಸುವ ವ್ಯವಸ್ಥೆಯೇ ಇಲ್ಲದಿರುವುದರಿಂದ ವಂಚಕರು ನಮ್ಮನ್ನು ಹೊರಗೆ ಕರೆಯಲೇಬೇಕಾಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ, ನನಗದು ಈ ತಾಣದ ಅತ್ಯುತ್ತಮ ಗುಣಗಳಲ್ಲೊಂದು. ಆದರೆ ನಿಜವಾದ ಸ್ನೇಹವೂ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ, ಅಲ್ಲಿ ಜನ ಊರು, ವಯಸ್ಸು, ಕೆಲಸ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ತನಗೆ ಗ್ರಾಹಕ ಸೇವೆ ಒದಗಿಸುವ ಹೊರಗಿನ ಸಂಸ್ಥೆಯಿಂದ ಸುಮಾರು 70,000 ಬಳಕೆದಾರರ ಸರ್ಕಾರಿ ಗುರುತಿನ ಚೀಟಿಯ ಚಿತ್ರಗಳು ಸೋರಿರಬಹುದೆಂದು ಒಪ್ಪಿಕೊಂಡಿತು. ಕಥೆಯ ತಾಣ ಹೆಸರನ್ನೂ ಕೇಳದಿದ್ದರೆ, ಕಥೆಯ ಬಗ್ಗೆ ಹರಟುವ ತಾಣ ಗುರುತಿನ ಚೀಟಿ ಕೇಳುವ ಕಾಲ ಇದು.

ಬೇರೆ ತಾಣಗಳ ವಿಷಯವನ್ನು ಚಿಕ್ಕದಾಗಿ ಹೇಳಿಬಿಡಬಹುದು. ವಾಟ್‌ಪ್ಯಾಡ್‌ನಲ್ಲಿ ಓದುಗರು ಹೆಚ್ಚು, ಜಾಹೀರಾತೂ ಇದೆ, 2020ರಲ್ಲಿ ಅಲ್ಲಿಂದ ಸುಮಾರು 27 ಕೋಟಿ ಖಾತೆಗಳ ಮಾಹಿತಿ ಸೋರಿತ್ತು. ಬೆಂಗಳೂರಿನ ಪ್ರತಿಲಿಪಿಯಲ್ಲಿ ಕನ್ನಡದ ಓದುಗರು ಧಾರಾಳವಾಗಿ ಸಿಗುತ್ತಾರೆ, ಆದರೆ ಅದು ಲೇಖಕರ ಹೆಸರು ಬೆಳೆಸುವ ಜಾಗ. ಸ್ವಂತ ಕಥೆಗೆ ಅದು ಒಳ್ಳೆಯದು, ಮರೆಯಲ್ಲಿದ್ದು ಬರೆಯುವವರಿಗೆ ಹೊಂದುವುದಿಲ್ಲ. ಎಓ3ಗೆ ಅಧಿಕೃತ ಆ್ಯಪ್ ಇಲ್ಲವೆಂಬುದನ್ನೂ ನೆನಪಿಡಬೇಕು. ಆ ಹೆಸರಿನಲ್ಲಿ ಫೋನಿನ ಅಂಗಡಿಯಲ್ಲಿ ಸಿಗುವ ಆ್ಯಪ್‌ಗಳು ಬೇರೆಯವರದು, ಅವುಗಳಿಗೆ ನಮ್ಮ ಪಾಸ್‌ವರ್ಡ್ ಕೊಡುವುದು ಬೇಡ.

ನನ್ನ ಮುಖ್ಯ ತಕರಾರು ಆರಂಭದ ಹೊಂದಾಣಿಕೆಗಳ ಬಗ್ಗೆ. ಬೀಗ, ಸರ್ಚ್ ಎಂಜಿನ್‌ಗಳಿಂದ ಮರೆಮಾಡುವ ಆಯ್ಕೆ, ಇಮೇಲ್ ನಿಲ್ಲಿಸುವ ಆಯ್ಕೆ, ಎಲ್ಲವೂ ಇವೆ, ಆದರೆ ಯಾವುದೂ ತಾನಾಗಿ ಚಾಲೂ ಆಗಿರುವುದಿಲ್ಲ, ಮತ್ತು ಬೀಗವನ್ನು ಕಥೆ ಪ್ರಕಟಿಸುವ ಪುಟದಲ್ಲಿ ಹುಡುಕಬೇಕು, ಉಳಿದವು ಪ್ರಾಶಸ್ತ್ಯಗಳ ಉದ್ದನೆಯ ಪುಟದಲ್ಲಿ ತಾಣದ ನೋಟ ಬದಲಿಸುವ ಆಯ್ಕೆಗಳ ಜೊತೆ ಸೇರಿಕೊಂಡಿವೆ. ಆಹ್ವಾನ ಸ್ವೀಕರಿಸಿದ ಕೂಡಲೇ ಆ ನಾಲ್ಕೈದು ಪ್ರಶ್ನೆಗಳನ್ನು ಮುಂದಿಟ್ಟು ಉತ್ತರ ಪಡೆದುಕೊಂಡರೆ ಸ್ವಯಂಸೇವಕರಿಗೆ ಮುಂದೆ ಬರುವ ದೂರುಗಳೂ ಕಡಿಮೆಯಾದಾವು. ಬಳಕೆಗೆ ಬೆಲೆಯಿಲ್ಲ. ದೇಣಿಗೆ ಕೊಡಬೇಕೆನ್ನಿಸಿದರೆ ಪಾವತಿಯ ಜೊತೆ ನಿಜವಾದ ಹೆಸರು ಓಟಿಡಬ್ಲ್ಯೂಗೆ ಹೋಗುತ್ತದೆ, ಆದರೆ ಎಓ3 ಖಾತೆಯ ಹೆಸರನ್ನು ಅಲ್ಲಿ ಬರೆಯಬೇಕಾಗಿಲ್ಲ. ದೊಡ್ಡ ಮೊತ್ತ ಕೊಟ್ಟವರಿಗೆ ಅವರು ತಮ್ಮ ಲಾಂಛನವಿರುವ ಕಾಣಿಕೆಗಳನ್ನೂ ಕಳಿಸುತ್ತಾರೆ, ಅತ್ತಿಗೆ ಇರುವ ಮನೆಯ ವಿಳಾಸವನ್ನು ಅದಕ್ಕೆ ಕೊಡದಿರುವುದು ಲೇಸು.