ಚರ್ಮದ ಸೈಕಲ್ ಸೀಟು: ಒಂಬತ್ತು ವರ್ಷ ಬಳಸಿದ ಮೇಲೆ

ಒಂಬತ್ತು ವರ್ಷಗಳಿಂದ ನಾನು ಒಂದೇ ಚರ್ಮದ ಸೀಟಿನ ಮೇಲೆ ಕುಳಿತು ಸೈಕಲ್ ತುಳಿಯುತ್ತಿದ್ದೇನೆ. ಹ್ಯಾಂಡಲ್‌ನಲ್ಲಿರುವ ಮೀಟರಿನ ಲೆಕ್ಕದಂತೆ ಈವರೆಗೆ ಸುಮಾರು 31,000 ಕಿಲೋಮೀಟರ್ ಆಗಿದೆ. ಈ ನಡುವೆ ಏಳು ಚೈನುಗಳು ಸವೆದವು, ಟೈರುಗಳು ಎಷ್ಟೋ ಬದಲಾದವು, ಕೊನೆಗೆ ಸೈಕಲ್ಲೇ ಬದಲಾಯಿತು; ಸೀಟು ಮಾತ್ರ ಅದೇ ಉಳಿದಿದೆ. ಸಾಧಾರಣ ಸೀಟಿನ ನಾಲ್ಕೈದು ಪಟ್ಟು ಬೆಲೆ ಕೊಟ್ಟು ಇದನ್ನು ಕೊಂಡ ದಿನದಿಂದಲೂ ಜೊತೆಯ ಸವಾರರು ಕೇಳುತ್ತಿರುವುದು ಎರಡೇ ಪ್ರಶ್ನೆ: ಇದಕ್ಕೆ ಅಷ್ಟು ಹಣ ಕೊಡಬೇಕೇ, ಮತ್ತು ಹಲಗೆಯಂತಿರುವ ಇದರ ಮೇಲೆ ಗಂಟೆಗಟ್ಟಲೆ ಕೂರುವುದಾದರೂ ಹೇಗೆ? ನನ್ನ ಮಟ್ಟಿಗೆ ಕೊಟ್ಟ ಹಣ ಸಾರ್ಥಕವಾಗಿದೆ. ಆದರೆ ಅದಕ್ಕೆ ಕೆಲವು ಷರತ್ತುಗಳಿವೆ. ಅವನ್ನು ಬಿಡಿಸಿ ಹೇಳದೆ ಇದನ್ನು ಕೊಳ್ಳಿ ಎಂದು ಯಾರಿಗೂ ಹೇಳಲು ನನಗೆ ಮನಸ್ಸು ಬಾರದು.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮೆತ್ತಗಿರುವುದೇ ಸುಖ ಎಂಬ ತಪ್ಪು ತಿಳಿವಳಿಕೆ ಅದರಲ್ಲಿ ಅಡಗಿದೆ. ಸಾಧಾರಣ ಸೀಟಿನಲ್ಲಿ ಪ್ಲಾಸ್ಟಿಕ್ ತಳ, ಅದರ ಮೇಲೆ ಫೋಮ್, ಅದರ ಮೇಲೊಂದು ಹೊದಿಕೆ ಇರುತ್ತವೆ. ನಾವು ಕುಳಿತಾಗ ಮೈಭಾರವನ್ನು ಹೊರಬೇಕಾದದ್ದು ಸೊಂಟದ ಕೆಳಗಿನ ಎರಡು ಮೂಳೆಗಳು. ದಪ್ಪ ಫೋಮಿನಲ್ಲಿ ಆ ಮೂಳೆಗಳು ಹೂತುಹೋಗುತ್ತವೆ, ಅವುಗಳ ನಡುವಿನ ಫೋಮ್ ಮೇಲಕ್ಕೆ ಒತ್ತಿ ನರಗಳೂ ರಕ್ತನಾಳಗಳೂ ಹಾದುಹೋಗುವ ಮೆದು ಭಾಗವನ್ನು ಅದುಮುತ್ತದೆ. ಅರ್ಧ ಗಂಟೆಯವರೆಗೆ ಹಿತವೆನಿಸಿದ ಸೀಟು ಎರಡು ಗಂಟೆ ಕಳೆಯುವಷ್ಟರಲ್ಲಿ ಜೋಮು ಹಿಡಿಸುವುದು ಹೀಗೆ. ಚರ್ಮದ ಸೀಟಿನಲ್ಲಿ ಫೋಮೂ ಇಲ್ಲ, ತಳವೂ ಇಲ್ಲ. ಮರದ ತೊಗಟೆಯಂಥ ಸಸ್ಯಮೂಲದ ವಸ್ತುಗಳಿಂದ ಹದ ಮಾಡಿದ, ಸುಮಾರು 5 ಮಿಲಿಮೀಟರ್ ದಪ್ಪದ ಒಂದೇ ತುಂಡು ಚರ್ಮವನ್ನು ನೆನೆಸಿ, ಅಚ್ಚಿಗೆ ಒತ್ತಿ, ಮೂತಿಯಲ್ಲೂ ಹಿಂಬದಿಯಲ್ಲೂ ಲೋಹದ ಚೌಕಟ್ಟಿಗೆ ರಿವೆಟ್ ಹೊಡೆದು ಬಿಗಿದಿರುತ್ತಾರೆ. ನಡುವೆ ಅದು ಜೋಲಿಯಂತೆ ಗಾಳಿಯಲ್ಲೇ ನಿಂತಿರುತ್ತದೆ. ರಸ್ತೆಯ ಸಣ್ಣ ಅದುರನ್ನು ಆ ಜೋಲಿ ನುಂಗುತ್ತದೆ. ದಿನ ಕಳೆದಂತೆ ಮೂಳೆಗಳು ತಾಗುವ ಎರಡು ಕಡೆ ಮಾತ್ರ ಚರ್ಮ ತುಸು ತಗ್ಗಿ ನಮ್ಮ ಅಳತೆಗೆ ಒಗ್ಗುತ್ತದೆ. ನನ್ನ ಸೀಟಿನಲ್ಲಿ ಬಲಬದಿಯ ತಗ್ಗು ಎಡಬದಿಯದಕ್ಕಿಂತ ಕೊಂಚ ಆಳವಾಗಿದೆ. ನಾನು ಬಲಕ್ಕೆ ವಾಲಿ ಕೂರುತ್ತೇನೆಂದು ನನಗೆ ತಿಳಿದದ್ದೇ ಅದನ್ನು ನೋಡಿದ ಮೇಲೆ.

ಈ ವಿದ್ಯೆ ಕುದುರೆಯ ಜೀನು, ಲಗಾಮು ಮಾಡುವವರಿಂದ ಬಂದದ್ದು. ಜಾನ್ ಬೌಲ್ಟ್‌ಬೀ ಬ್ರೂಕ್ಸ್ 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಚರ್ಮದ ಸಾಮಾನುಗಳ ವ್ಯಾಪಾರ ಆರಂಭಿಸಿ, 1882ರಲ್ಲಿ ಸೈಕಲ್ ಸೀಟಿಗೆ ತನ್ನ ಮೊದಲ ಪೇಟೆಂಟ್ ಪಡೆದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಬಿ17 ಎಂಬ ಮಾದರಿ ಇಂದಿಗೂ ತಯಾರಾಗುತ್ತಿದೆ. 2002ರಲ್ಲಿ ಆ ಕಂಪನಿ ಇಟಲಿಯ ಸೆಲ್ಲೆ ರಾಯಲ್ ಕೈಸೇರಿದ ಮೇಲೂ ಅದರ ಆಕಾರ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಉದ್ದ ಸುಮಾರು 275 ಮಿಲಿಮೀಟರ್, ಅಗಲ 175, ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ನನ್ನ ಸೀಟು ಬೇರೆ ತಯಾರಕರದ್ದು, ಆದರೆ ಅಳತೆಯಲ್ಲಿ ಅದನ್ನೇ ಅನುಸರಿಸಿದೆ.

ಮೊದಲ 300 ಕಿಲೋಮೀಟರ್ ಸುಲಭವಾಗಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನೋವು ಮೂಳೆಗಳಲ್ಲಿತ್ತು, ನಡುವಿನ ಭಾಗದಲ್ಲಿರಲಿಲ್ಲ. ಈ ವ್ಯತ್ಯಾಸವನ್ನು ಗಮನಿಸಿದ್ದರಿಂದಲೇ ನಾನು ಬಿಡದೆ ಮುಂದುವರಿದೆ. ಮೂಳೆಯ ನೋವು ರೂಢಿಯಾದಂತೆ ಇಳಿಯುತ್ತದೆ. ನಡುವೆ ಜೋಮು ಹಿಡಿಯುತ್ತಿದ್ದರೆ ಸೀಟಿನ ಅಗಲವೋ ಓರೆಯೋ ತಪ್ಪಿದೆ ಎಂದರ್ಥ, ಅದನ್ನು ಸಹಿಸಬಾರದು. ಎಂಟುನೂರು ಕಿಲೋಮೀಟರ್ ದಾಟಿದ ಮೇಲೆ ಒಂದು ಇಡೀ ದಿನದ ಸವಾರಿ ಮುಗಿಸಿ ಇಳಿದಾಗ, ಸೀಟಿನ ನೆನಪೇ ಬಂದಿರಲಿಲ್ಲವೆಂದು ಹೊಳೆಯಿತು. ಬೇಗ ಮೆತ್ತಗಾಗಲೆಂದು ಚರ್ಮವನ್ನು ಎಣ್ಣೆಯಲ್ಲಿ ನೆನೆಸುವ ಸಲಹೆ ನನಗೂ ಬಂದಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಹೆಚ್ಚು ಎಣ್ಣೆ ಕುಡಿದ ಚರ್ಮ ತನ್ನ ಬಿಗಿ ಕಳೆದುಕೊಂಡು ಜೋತುಬೀಳುತ್ತದೆ, ಅದನ್ನು ಮತ್ತೆ ಹಳೆಯ ಸ್ಥಿತಿಗೆ ತರಲಾಗದು. ಕೊಬ್ಬು ಮತ್ತು ಜೇನುಮೇಣ ಬೆರೆಸಿದ, ಸೀಟಿಗೆಂದೇ ಸಿಗುವ ಮುಲಾಮನ್ನು ತೆಳುವಾಗಿ ಸವರಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಿಂದ ಉಜ್ಜಿದರೆ ಸಾಕು. ಮೊದಲ ವರ್ಷ ಮೂರು ಸಲ ಹಚ್ಚಿದೆ. ಈಗ ವರ್ಷಕ್ಕೆ ಒಂದೋ ಎರಡೋ ಸಲ.

ಇಷ್ಟಾದರೂ, ಚರ್ಮ ಒಗ್ಗದಿರುವುದಕ್ಕಿಂತ ಸೀಟನ್ನು ಕೂರಿಸಿದ ಬಗೆ ಸರಿಯಿಲ್ಲದಿರುವುದರಿಂದಲೇ ಹೆಚ್ಚು ಮಂದಿ ಇದನ್ನು ಕೈಬಿಡುತ್ತಾರೆಂಬುದು ನನ್ನ ಅನಿಸಿಕೆ. ನಡುವೆ ತಗ್ಗುವ ಸೀಟಾದ್ದರಿಂದ ಮೂತಿಯನ್ನು ಬೇರೆ ಸೀಟುಗಳಿಗಿಂತ ಒಂದಿಷ್ಟು ಮೇಲೆತ್ತಿ, ನಾವು ಕೂರುವ ಹಿಂಭಾಗ ಸಮತಟ್ಟಾಗುವಂತೆ ಇಡಬೇಕು. ಮೂತಿ ಇಳಿದಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತದೆ, ಆ ಭಾರವೆಲ್ಲ ಅಂಗೈಗಳ ಮೇಲೆ ಬೀಳುತ್ತದೆ. ಸೀಟಿನಡಿಯ ಕಂಬಿಗಳ ನೇರ ಭಾಗ ಗಿಡ್ಡವಾಗಿರುವುದರಿಂದ ಹಿಂದೆ ಮುಂದೆ ಸರಿಸಲು ಸಿಗುವ ಜಾಗವೂ ಕಡಿಮೆ. ನಾನು ಹಿಂದಕ್ಕೆ ಬಾಗಿದ ಬೇರೊಂದು ಸೀಟ್ ಪೋಸ್ಟ್ (ಸೀಟನ್ನು ಹೊರುವ ಕೊಳವೆ) ಕೊಳ್ಳಬೇಕಾಯಿತು, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಗಲದ ವಿಷಯ ಇನ್ನೂ ಮುಖ್ಯ. ಮೂಳೆಗಳು ಹಿಂಬದಿಯ ಲೋಹದ ಚೌಕಟ್ಟಿನ ಮೇಲಾಗಲಿ ರಿವೆಟ್‌ಗಳ ಮೇಲಾಗಲಿ ಬಂದು ಕೂತರೆ ಎಷ್ಟು ವರ್ಷ ತುಳಿದರೂ ಸುಖವಿಲ್ಲ, ಏಕೆಂದರೆ ಚರ್ಮ ಒಗ್ಗಬಹುದೇ ಹೊರತು ಲೋಹ ಒಗ್ಗದು. ಗಟ್ಟಿ ಮಣೆಯ ಮೇಲೆ ಸುಕ್ಕುಪದರದ ರಟ್ಟು ಹಾಸಿ ಕುಳಿತೆದ್ದು, ಅದರಲ್ಲಿ ಮೂಡಿದ ಎರಡು ಗುರುತುಗಳ ನಡುವಿನ ಅಂತರವನ್ನು ಅಳೆದುಕೊಂಡ ಮೇಲೆಯೇ ಮಾದರಿಯನ್ನು ಆರಿಸುವುದು ಲೇಸು. ನೆಟ್ಟಗೆ ಕುಳಿತು ಸವಾರಿ ಮಾಡುವವರಿಗೆ ಸ್ಪ್ರಿಂಗ್ ಇರುವ ಅಗಲ ಸೀಟುಗಳಿವೆ, ತಗ್ಗಿ ತುಳಿಯುವವರಿಗೆ ಕಿರಿದಾದವುಗಳಿವೆ.

ನೀರು ಇದರ ದೊಡ್ಡ ಶತ್ರು. ನಾಲ್ಕನೆಯ ವರ್ಷ ಒಂದು ದಿನವಿಡೀ ಮಳೆಯಲ್ಲಿ, ಹಿಂದಿನ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದೆ ತುಳಿದೆ. ಮೇಲೆ ಹೊದಿಕೆ ಹಾಕಿದ್ದೆ, ಆದರೆ ಚಕ್ರದಿಂದ ಚಿಮ್ಮಿದ ನೀರು ಕೆಳಗಿನಿಂದ ಬಂತು. ಚರ್ಮದ ಒಳಮೈ ನುಣುಪಾಗಿರುವುದಿಲ್ಲ, ಅದು ನೀರನ್ನು ಬೇಗ ಹೀರುತ್ತದೆ. ನೆನೆದ ಚರ್ಮದ ಮೇಲೆ ಕುಳಿತೇ ಇದ್ದುದರಿಂದ ಅದು ಎದ್ದುಕಾಣುವಷ್ಟು ಹಿಗ್ಗಿತು. ಬಿಸಿಲಿಗಾಗಲಿ ಶಾಖಕ್ಕಾಗಲಿ ಒಡ್ಡದೆ ನೆರಳಿನಲ್ಲಿ ಮೂರು ದಿನ ಒಣಗಿಸಿ, ಮುಲಾಮು ಹಚ್ಚಿ, ಚರ್ಮವನ್ನು ಎಳೆದು ಬಿಗಿಯುವ ಮೂತಿಯೊಳಗಿನ ಬೋಲ್ಟನ್ನು ಸ್ಪ್ಯಾನರ್‌ನಿಂದ ಕಾಲು ಸುತ್ತು ತಿರುಗಿಸಿದೆ. ಅವಸರದಲ್ಲಿ ಒಮ್ಮೆಗೇ ಎರಡು ಮೂರು ಸುತ್ತು ಬಿಗಿದರೆ ರಿವೆಟ್‌ಗಳ ಬಳಿ ಚರ್ಮ ಸೀಳುತ್ತದೆ, ರೂಪುಗೊಂಡ ತಗ್ಗುಗಳೂ ಹಾಳಾಗುತ್ತವೆ. ಒಂಬತ್ತು ವರ್ಷಗಳಲ್ಲಿ ನಾನು ಆ ಬೋಲ್ಟನ್ನು ತಿರುಗಿಸಿದ್ದು ಒಟ್ಟು ನಾಲ್ಕೇ ಸಲ, ಪ್ರತಿ ಸಲವೂ ಕಾಲು ಸುತ್ತು. ಚರ್ಮ ಚೌಕಟ್ಟಿಗೆ ತಾಗುವ ಕಡೆ ಕಿರುಗುಟ್ಟುವ ಸದ್ದು ಆಗಾಗ ಬರುತ್ತದೆ. ಅಲ್ಲಿಗೂ ಕೊಂಚ ಮುಲಾಮು ಸವರಿದರೆ ನಿಲ್ಲುತ್ತದೆ. ಹೊಸದರಲ್ಲಿ ಬಣ್ಣ ಬಿಟ್ಟು ತಿಳಿಬಣ್ಣದ ಪ್ಯಾಂಟೊಂದು ಕಲೆಯಾಯಿತು.

ಇನ್ನು ಹಣದ ಲೆಕ್ಕ. ಮೊದಲು ನಾನು ಎರಡು ವರ್ಷಕ್ಕೊಮ್ಮೆ ಫೋಮ್ ಸೀಟು ಬದಲಿಸುತ್ತಿದ್ದೆ. ಹೊದಿಕೆ ಹರಿಯುತ್ತಿತ್ತು, ಇಲ್ಲವೇ ಫೋಮ್ ಸತ್ತು ಚಪ್ಪಟೆಯಾಗುತ್ತಿತ್ತು. ಆ ಪ್ರಕಾರ ಒಂಬತ್ತು ವರ್ಷಕ್ಕೆ ಎರಡೂ ಹೆಚ್ಚುಕಡಿಮೆ ಸಮ. ಆದ್ದರಿಂದ ಹಣ ಉಳಿಸಲೆಂದು ಇದನ್ನು ಕೊಳ್ಳುವುದು ಸರಿಯಾದ ಕಾರಣವೆಂದು ನಾನು ಹೇಳಲಾರೆ; ಇಲ್ಲಿಂದ ಮುಂದೆ ನಡೆಯುವ ಪ್ರತಿ ವರ್ಷವೂ ಲಾಭ, ಅಷ್ಟೇ. ಫ್ರಾನ್ಸಿನ ಜಿಲ್ ಬೆರ್ತೂ ತಯಾರಿಸುವ ಸೀಟುಗಳಲ್ಲಿ ರಿವೆಟ್ ಬದಲು ಸ್ಕ್ರೂಗಳಿದ್ದು, ಚರ್ಮ ಸವೆದರೆ ಅದೊಂದನ್ನೇ ಬದಲಿಸಬಹುದು. ಮತ್ತೊಮ್ಮೆ ಕೊಳ್ಳುವ ಸಂದರ್ಭ ಬಂದರೆ ನಾನು ಅತ್ತಲೇ ವಾಲುವೆನೇನೋ.

ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮಾತ್ರ ತುಳಿಯುವವರಿಗೆ, ಸೈಕಲ್ಲನ್ನು ಬಯಲಿನಲ್ಲೇ ನಿಲ್ಲಿಸಬೇಕಾದವರಿಗೆ, ಒಂದೊಂದು ಗ್ರಾಂ ತೂಕವನ್ನೂ ಲೆಕ್ಕ ಹಾಕುವ ಪಂದ್ಯದ ಸವಾರರಿಗೆ ಇದು ಬೇಡ. ಮನೆಮಂದಿಯೆಲ್ಲ ಒಂದೇ ಸೈಕಲ್ ಬಳಸುವುದಾದರೂ ಬೇಡ, ಏಕೆಂದರೆ ಒಬ್ಬರ ಮೈಗೆ ಒಗ್ಗಿದ ಸೀಟು ಇನ್ನೊಬ್ಬರಿಗೆ ಹಿತವಾಗುವುದು ಅಪರೂಪ. ಪ್ರಾಣಿಯ ಚರ್ಮ ಬೇಡವೆನ್ನುವವರಿಗೆ ಅದೇ ಜೋಲಿಯ ತತ್ವವನ್ನು ರಬ್ಬರಿನಲ್ಲಿ ಸಾಧಿಸಿದ ಕೇಂಬಿಯಮ್ ಸರಣಿಯನ್ನು ಬ್ರೂಕ್ಸ್ 2013ರಲ್ಲೇ ತಂದಿದೆ. ಅದಕ್ಕೆ ಮುಲಾಮೂ ಬೇಡ, ಮಳೆಯ ಭಯವೂ ಇಲ್ಲ.

ಕಳೆದ ವರ್ಷ ಹೊಸ ಸೈಕಲ್ ತಂದಾಗ ಅದರೊಂದಿಗೆ ಬಂದ ಸೀಟನ್ನು ಮೊದಲ ಸಂಜೆಯೇ ಬಿಚ್ಚಿ ಇದನ್ನು ಕೂರಿಸಿದೆ. ಮೂಲೆಗಳಲ್ಲಿ ಬಣ್ಣ ಮಾಸಿದೆ, ತಾಮ್ರದ ರಿವೆಟ್‌ಗಳು ಕಪ್ಪಾಗಿವೆ, ಒಂದು ಪಕ್ಕದಲ್ಲಿ ಗೋಡೆಗೆ ಉಜ್ಜಿದ ಗೀರಿದೆ. ಚರ್ಮದಲ್ಲಿ ಎಲ್ಲಿಯೂ ಬಿರುಕಿಲ್ಲ, ಬೋಲ್ಟಿನಲ್ಲಿ ಇನ್ನೂ ಹಲವು ಸುತ್ತು ಬಿಗಿಯುವಷ್ಟು ಜಾಗ ಉಳಿದಿದೆ.