ಎಸ್ಟೋನಿಯಾದ ಮರದ ಹಂದರ, ಮೂರು ಮಳೆಗಾಲದ ನಂತರ: ಮರ ಚೆನ್ನಾಗಿದೆ, ಕಾಗದ ನೋಡ್ಕೊಳ್ಳಿ

ನಮ್ಮ ಊಟದ ಮೇಜಿನ ಮೇಲ್ಗಡೆ ಒಂದು ತೊಲೆ ಇದೆ. ಅದರ ಹೊಟ್ಟೆಯ ಮೇಲೆ ಬೂದು ಬಣ್ಣದ ಕಲೆ. ಅಂಗೈ ಅಗಲ, ಒಂದು ಮೊಳ ಉದ್ದ. ಬೆಳಿಗ್ಗೆ ಕಾಫಿ ಲೋಟ ಹಿಡಿದು ತಲೆ ಎತ್ತಿದರೆ ಮೊದಲು ಕಾಣುವುದು ಅದೇ. ನೋಡಿದವರೆಲ್ಲ ಮಾಡು ಸೋರುತ್ತಾ ಅಂತ ಕೇಳುತ್ತಾರೆ. ಇಲ್ಲ. ಮೂಡಿಗೆರೆ ಕಡೆಯ ಮೂರು ಮಳೆಗಾಲ ಕಳೆದರೂ ಈ ಮನೆ ಒಂದು ಹನಿ ಸೋರಿಲ್ಲ. ಆ ಕಲೆ ಬಂದರಿನಲ್ಲಿ ಬಿದ್ದದ್ದು, ಒಂದು ನಾಲ್ಕಂಕಿಯ ನಂಬರಿನ ಜಗಳದಲ್ಲಿ.

2022ರಲ್ಲಿ ಎಸ್ಟೋನಿಯಾದ ಒಂದು ಕಂಪನಿಯಿಂದ ತರಿಸಿದ ಮರದ ಹಂದರ ಇದು. ಕಂಬ, ತೊಲೆ, ಪಕ್ಕಾಸು, ಒಂದು ಕಟ್ಟು ರೀಪು, ಎರಡು ಕಿಟಕಿ, ಒಂದು ಬಾಗಿಲು. ಎಲ್ಲ ಒಂದೇ ಕಂಟೇನರಿನಲ್ಲಿ ಬಂತು. ಗೋಡೆ ನಾವು ಇಲ್ಲೇ ಕಟ್ಟಿಸಿದೆವು, ಹೆಂಚು ಹಳೆ ಮನೆಯದು. ಅಳತೆ, ಶಕ್ತಿ, ಬೆಲೆ ಎಲ್ಲ ಅವರ ಕ್ಯಾಟಲಾಗಿನಲ್ಲಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ತೋಟದ ತುಂಬ ಮರ ಇಟ್ಟುಕೊಂಡು ಅಲ್ಲಿಂದ ಯಾಕೆ ತರಿಸಿದಿರಿ ಅಂತ ಕೇಳುವವರಿಗೆ ಒಂದು ಮಾತು. ಕಡಿಯಲು ಪರವಾನಗಿ ತಗೊಳ್ಳಿ, ಕೊಯ್ಯಿಸಿ, ಒಣಗಿಸಿ, ಆಮೇಲೆ ಆಚಾರಿ ಯಾವಾಗ ಬರುತ್ತಾರೆ ಅಂತ ಕಾಯಿರಿ. ನನಗೆ ಐವತ್ತೆಂಟು ವಯಸ್ಸು, ಅಷ್ಟು ತಾಳ್ಮೆ ಉಳಿದಿಲ್ಲ.

ನಮ್ಮ ಆಚಾರಿ ಮೊದಲ ದಿನ ತೊಲೆಗೆ ಉಗುರು ಒತ್ತಿ ನೋಡಿ, "ಇದೇನ್ ಗೌಡ್ರೆ, ಪೆಟ್ಟಿಗೆ ಮರ ತರ್ಸಿದ್ರಲ್ಲ" ಅಂದರು. ಸ್ಪ್ರೂಸ್ ಅನ್ನುವ ಈ ಚಳಿದೇಶದ ಮರ ಮೃದು, ಅದು ನಿಜ. ಬೀಟೆ, ಹೊನ್ನೆ ಕೆತ್ತಿದ ಕೈಗೆ ಅದು ಬೆಣ್ಣೆ. ಆದರೆ ಇದು ಒಂದೇ ಮರದ ತೊಲೆ ಅಲ್ಲ. ಒಣಗಿಸಿದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು, ಗ್ಲುಲಾಮ್ ಅನ್ನುತ್ತಾರೆ. ಪ್ರತಿ ತುಂಡಿಗೂ ಒಂದು ಪುಟ್ಟ ಚೀಟಿ: ಬಿ-14, ಸಿ-3, ಆರ್-22. ನಕ್ಷೆಯಲ್ಲಿ ಅದೇ ನಂಬರು. ಐದು ಜನ ಸೇರಿ ಒಂಬತ್ತು ದಿನದಲ್ಲಿ ಹಂದರ ನಿಲ್ಲಿಸಿದರು. ಒಂದು ಕಡೆಯೂ ಉಳಿ ಹಾಕಿ ಸರಿ ಮಾಡುವ ಕೆಲಸ ಬರಲಿಲ್ಲ. ಆಚಾರಿಗೆ ಅದೇ ಬೇಜಾರು.

ಈಗ ದಿನಚರಿ ಹೀಗಿದೆ. ಬೆಳಿಗ್ಗೆ ಐದೂವರೆಗೆ ಪೂರ್ವದ ಕಿಟಕಿ ತೆಗೆಯುತ್ತೇನೆ. ಬೇಸಿಗೆಯ ಮಧ್ಯಾಹ್ನ ಮಾಡು ಕಾದಾಗ ಅಂಟಿನಂಥ ತೆಳು ಪರಿಮಳ ಇಳಿಯುತ್ತದೆ. ಮೂರು ವರ್ಷವಾದರೂ ಹೋಗಿಲ್ಲ. ರಾತ್ರಿ ಚಳಿ ಏರಿದಾಗ ಹಂದರ ಒಂದೆರಡು ಸಲ ಟಕ್ ಅನ್ನುತ್ತದೆ. ಮೊದಲ ತಿಂಗಳು ಎದ್ದು ಕೂರುತ್ತಿದ್ದೆ. ಈಗ ಅದು ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಆಷಾಢದಲ್ಲಿ ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ತೊಲೆ ಒರೆಸುತ್ತೇನೆ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕಂಬಗಳ ಬುಡ ನೆಲಕ್ಕೆ ತಾಗದಂತೆ ಕಬ್ಬಿಣದ ಶೂ ಮೇಲೆ ನಿಂತಿವೆ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಗೆದ್ದಲಿನ ಮಣ್ಣುಗೆರೆ ಇದೆಯಾ ಅಂತ ನೋಡುವುದು ನನ್ನ ಪೂಜೆ. ಇದುವರೆಗೆ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ಇದು ಐದು ಸ್ಟಾರ್ ವಿಮರ್ಶೆ. ಆದರೆ ತಲೆ ಎತ್ತಿದರೆ ಆ ಕಲೆ ಇದೆಯಲ್ಲ.

ಕಂಪನಿಯವರು ಇನ್ವಾಯ್ಸಿನಲ್ಲಿ ಒಂದೇ ಸಾಲು ಬರೆದಿದ್ದರು: ಮರದ ಪ್ರಿಫ್ಯಾಬ್ ಮನೆ, ಒಂದು ಸೆಟ್, 9406. ಸುಂಕದ ಪಟ್ಟಿಯಲ್ಲಿ, ಭಾಗ ತಂದು ಜೋಡಿಸುವ ಮನೆಗಿರುವ ನಂಬರು ಅದು. ಅದರ ಜೊತೆ ಇಟ್ಟ ಹಳೆ ಪ್ಯಾಕಿಂಗ್ ಲಿಸ್ಟಿನಲ್ಲಿ ಕಂಬ, ತೊಲೆಗೆ 4418 60 ಅಂತ ಇತ್ತು. ಒಂದೇ ಮಾಲಿಗೆ ಎರಡು ಹೆಸರು. ಸಾಲದ್ದಕ್ಕೆ, 4418 60 ಎಂಬ ನಂಬರೇ ಆಗ ಬದುಕಿರಲಿಲ್ಲ. 2022ರ ಜನವರಿ 1ರಿಂದ, ದೇಶದೇಶಗಳು ಸರಕಿಗೆ ನಂಬರು ಕೊಡುವ ಎಚ್‌ಎಸ್ ಪಟ್ಟಿ ಬದಲಾಗಿ, ಕಂಬ, ತೊಲೆ 4418 30ಕ್ಕೆ ಹೋಗಿತ್ತು. ಅಂಟಿಸಿದ ಗ್ಲುಲಾಮಿಗೆ ಅಂತಲೇ ಹೊಸದಾಗಿ 4418 81 ಬಂದಿತ್ತು. ನಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟರು, ಇನ್ವಾಯ್ಸ್ ನೋಡಿ 9406 ಅಂತಲೇ ಬಿಲ್ ಆಫ್ ಎಂಟ್ರಿ (ಆಮದಿನ ಘೋಷಣೆ) ಹಾಕಿದರು.

ಮೂರನೇ ದಿನ ಕಸ್ಟಮ್ಸ್ ಅಧಿಕಾರಿಯಿಂದ ಕ್ವೆರಿ ಬಂತು. ಇದು ಮನೆಯೋ, ಮನೆಯ ಭಾಗಗಳೋ?

ನಾನು ಸಿಟ್ಟಿನಲ್ಲಿ ಬಂದರಿಗೆ ಹೊರಟೆ. ಮುಖ ನೋಡಿ ಮಾತಾಡಿದರೆ ಆಗುತ್ತೆ ಅಂತ. ಸಿಎಚ್‌ಎ ನಕ್ಕರು. "ಸಾರ್, ಈಗ ಫೇಸ್‌ಲೆಸ್ ಮಾರಾಯ್ರೆ. ನಿಮ್ಮ ಫೈಲ್ ಯಾವ ಊರಲ್ಲಿ ಕೂತಿದೆಯೋ ನಂಗೂ ಗೊತ್ತಿಲ್ಲ." 2020ರಿಂದ ಶುರುವಾದ ಪದ್ಧತಿ ಇದು. ಮಾಲು ಒಂದು ಬಂದರಿನಲ್ಲಿ, ನೋಡುವ ಅಧಿಕಾರಿ ಇನ್ನೊಂದು ಊರಿನಲ್ಲಿ. ಉತ್ತರ ಏನಿದ್ದರೂ ಕಂಪ್ಯೂಟರಿನಲ್ಲೇ ಬರೆದು ಹಾಕಬೇಕು. ಮುಖ ನೋಡೋಣ ಅಂದರೆ ಮುಖಾನೇ ಇಲ್ಲ.

ಆಗ ಕೂತು ಓದಿದೆ. ವಿಷಯ ಅಷ್ಟೇನೂ ಕಷ್ಟದ್ದಲ್ಲ. ಸುಂಕದ ಪಟ್ಟಿ ಓದಲು ಕೆಲವು ಸಾಮಾನ್ಯ ನಿಯಮಗಳಿವೆ. ಅದರಲ್ಲಿ 2(ಎ) ಅನ್ನುವುದು ನಮಗೆ ಬೇಕಾದದ್ದು. ಬಿಡಿಬಿಡಿಯಾಗಿ ಬಂದರೂ, ಅರ್ಧಂಬರ್ಧ ಇದ್ದರೂ, ಪೂರ್ತಿ ವಸ್ತುವಿನ ಮುಖ್ಯ ಲಕ್ಷಣ ಇದ್ದರೆ ಅದನ್ನು ಪೂರ್ತಿ ವಸ್ತು ಅಂತಲೇ ಎಣಿಸಬೇಕು. ಬಿಚ್ಚಿ ಡಬ್ಬದಲ್ಲಿ ತಂದ ಸೈಕಲ್ ಕೂಡ ಸೈಕಲ್ಲೇ. ಪ್ರಿಫ್ಯಾಬ್ ಕಟ್ಟಡಕ್ಕೂ ಹಾಗೇ. ಭಾಗಗಳು ಒಟ್ಟಿಗೆ ಬಂದು, ಜಾಗದಲ್ಲಿ ಜೋಡಿಸುವ ಹಾಗಿದ್ದರೆ 9406. ಆದರೆ ಕಟ್ಟಡದ ಭಾಗಗಳು ಮಾತ್ರ ಬೇರೆಯಾಗಿ ಬಂದರೆ, ಅವು ಇಂಥ ಮನೆಗೇ ಅಂತ ಗುರುತು ಸಿಕ್ಕಿದರೂ, ಪಟ್ಟಿಯಲ್ಲಿ ಅವವುಗಳ ನಂಬರಿಗೇ ಹೋಗಬೇಕು.

ನನ್ನ ಕಂಟೇನರಿನಲ್ಲಿ ಏನಿತ್ತು? ಗೋಡೆ ಇಲ್ಲ. ಮಾಡಿನ ಹೊದಿಕೆ ಇಲ್ಲ. ನೆಲ ಇಲ್ಲ. ಚಪ್ಪರದ ಕಂಬ ತಂದಿಟ್ಟು ಮದುವೆ ಆಯ್ತು ಅಂದ ಹಾಗೆ. ಅಧಿಕಾರಿ ಕೇಳಿದ್ದು ನ್ಯಾಯವೇ.

ಹೊಟ್ಟೆ ಉರಿದ ವಿಷಯ ಬೇರೆ. ಆಗ 9406ಕ್ಕೂ 4418ಕ್ಕೂ ಮೂಲ ಸುಂಕ ಒಂದೇ, 10%. ಅದರ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಅಂತ ಆ ಸುಂಕದ ಹತ್ತನೇ ಒಂದು ಭಾಗ, ಎಲ್ಲ ಸೇರಿದ ಮೇಲೆ 18% ಐಜಿಎಸ್‌ಟಿ. ಲೆಕ್ಕ ಹಾಕಿದರೆ ನೂರು ರೂಪಾಯಿ ಮಾಲಿಗೆ ₹30.98. ಮನೆ ಅಂದರೂ ಅಷ್ಟೇ, ತೊಲೆ ಅಂದರೂ ಅಷ್ಟೇ. ಅಂದ ಮೇಲೆ ಇಷ್ಟೆಲ್ಲ ಯಾಕೆ? ಆ ಒಂದು ಕಟ್ಟು ರೀಪಿಗಾಗಿ. ಅದು ಬರೀ ಕೊಯ್ದ ಮರ, 4407. ಮನೆ ಎಂಬ ಹೆಸರಿನ ಕೆಳಗೆ ಅದು ಅಡಗಿ ಕೂತಿತ್ತು. ಹೆಸರು ಬಿಚ್ಚಿದ ಕೂಡಲೇ ಸಸ್ಯ ಸಂಗರೋಧದವರು, ಅಂದರೆ ಹೊರಗಿನ ಹುಳ, ರೋಗ ಒಳಗೆ ಬರದಂತೆ ತಡೆಯುವವರು, ಬಂದರು. ಮರಕ್ಕೆ ರೋಗ, ಹುಳ ಇಲ್ಲ ಅನ್ನುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಎಲ್ಲಿ? ಇರಲಿಲ್ಲ. ಆ ಕಟ್ಟಿಗೆ ಬೇರೆ ಅರ್ಜಿ, ಬೇರೆ ಶುಲ್ಕ, ಔಷಧಿ ಹೊಗೆ. ಇಡೀ ರೀಪಿನ ಬೆಲೆಗಿಂತ ಅದರ ಓಡಾಟದ ಖರ್ಚು ಜಾಸ್ತಿ.

ಒಟ್ಟು 19 ದಿನ. ಕಂಟೇನರ್ ಹಿಡಿದಿಟ್ಟದ್ದಕ್ಕೆ ಹಡಗಿನ ಕಂಪನಿಗೆ ಡಿಟೆನ್ಷನ್, ಯಾರ್ಡಿನಲ್ಲಿ ಇಟ್ಟದ್ದಕ್ಕೆ ಬಾಡಿಗೆ, ಎರಡು ಮೀಟರ್ ಒಟ್ಟಿಗೆ ಓಡುತ್ತವೆ. ಒಂದು ಲಕ್ಷ ಚಿಲ್ಲರೆ ಹೋಯಿತು. ಒಳ್ಳೆ ಹಸು ಬರುತ್ತಿತ್ತು. ಮಾಲು ಬಿಚ್ಚಿ ಪರೀಕ್ಷೆ ಮಾಡಿದವರು ಪ್ಲಾಸ್ಟಿಕ್ ಹೊದಿಕೆಯನ್ನು ಸರಿಯಾಗಿ ಮುಚ್ಚಲಿಲ್ಲ. ಕರಾವಳಿಯ ಜೂನ್ ತಿಂಗಳು. ಬಿ-14ರ ಮೇಲೆ ನೀರು ನಿಂತಿತು.

ಇಲ್ಲಿಯವರೆಗೆ ನಾನು ಎಲ್ಲರನ್ನೂ ಬೈದೆ. ಕಂಪನಿಗೆ ಒಂದು ಉದ್ದ ಮೇಲ್ ಕಳಿಸಿದೆ, ಇನ್ವಾಯ್ಸ್ ಯಾಕೆ ಹಾಗೆ ಬರೆದಿರಿ ಅಂತ. ಅವರು ಒಂದೇ ಸಾಲಿನ ಉತ್ತರ ಬರೆದು, ಕೆಳಗೆ ನನ್ನದೇ ಹಳೆ ಮೇಲ್ ಅಂಟಿಸಿದರು. ಮಾರ್ಚಿನಲ್ಲಿ ನಾನೇ ಬರೆದಿದ್ದೆ: ಇಪ್ಪತ್ತು ಸಾಲು ಹಾಕಿದರೆ ಇಲ್ಲಿ ಇಪ್ಪತ್ತು ಪ್ರಶ್ನೆ ಬರುತ್ತೆ, ಸುಮ್ನೆ ಮನೆ ಅಂತ ಒಂದು ಸಾಲು ಹಾಕಿ ಸಾಕು. ಯಾರೋ ನೆಂಟರು ಹೇಳಿದ ಬುದ್ಧಿ ಅದು. ನಮ್ಮ ದೇಶದಲ್ಲಿ 2011ರಿಂದ ಸುಂಕವನ್ನು ಆಮದು ಮಾಡುವವರೇ ಲೆಕ್ಕ ಹಾಕಿ ಹೇಳಬೇಕು. ಅಂದರೆ ತಪ್ಪು ನಂಬರಿಗೂ ಹೊಣೆ ನನ್ನದೇ. ಮನೆಯವಳು ಆ ಮೇಲ್ ಓದಿ ಏನೂ ಹೇಳಲಿಲ್ಲ, ಕಾಫಿಗೆ ಸಕ್ಕರೆ ಮಾತ್ರ ಕಡಿಮೆ ಹಾಕಿದಳು.

ಆದ್ದರಿಂದ ಎರಡನೇ ಸಲದ ಕಥೆಯನ್ನೂ ಹೇಳಬೇಕು. 2024ರಲ್ಲಿ ಹೋಮ್‌ಸ್ಟೇಗೆ ಅಂತ ಒಂದು ಸಣ್ಣ ಕೋಣೆಯ ಹಂದರ ತರಿಸಿದೆ. ಅದೇ ಕಂಪನಿ, ಅದೇ ಸಿಎಚ್‌ಎ. ಈ ಸಲ ಇನ್ವಾಯ್ಸಿನಲ್ಲಿ ಮನೆ ಎಂಬ ಪದವೇ ಇಲ್ಲ. ಗ್ಲುಲಾಮ್ ತೊಲೆ 4418 81. ಕಿಟಕಿ, ಬಾಗಿಲಿಗೆ 4418ರಲ್ಲೇ ಬೇರೆ ಬೇರೆ ಸಾಲು. ಉಕ್ಕಿನ ತಿರುಪು 7318. ರೀಪು ತರಿಸಲೇ ಇಲ್ಲ, ಇಲ್ಲಿನ ಅಡಿಕೆ ಮರದ ರೀಪು ಸಾಕು. ನಕ್ಷೆ, ಫೋಟೋ, ಯಾವ ತುಂಡು ಏನು ಕೆಲಸ ಮಾಡುತ್ತೆ ಅಂತ ಒಂದು ಪುಟ, ಎಲ್ಲ ಮೊದಲೇ ಅಪ್‌ಲೋಡ್. ಮಾಲಿನ ಕೆಳಗೆ ಹಾಕುವ ಮರದ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆ, ಎಚ್‌ಟಿ ಅಕ್ಷರ ಇದೆಯಾ ಅಂತ ಹೊರಡುವ ಮುಂಚೆಯೇ ಫೋಟೋ ತರಿಸಿಕೊಂಡೆ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎನ್ನುವ ಗುರುತು ಅದು. ನಾಲ್ಕನೇ ದಿನ ಔಟ್ ಆಫ್ ಚಾರ್ಜ್, ಅಂದರೆ ಮಾಲು ಬಿಡುಗಡೆಯ ಅನುಮತಿ. ಸಿಎಚ್‌ಎ ಫೋನ್ ಮಾಡಿ, "ಸಾರ್, ನೀವು ಈ ಕೆಲಸಕ್ಕೇ ಬನ್ನಿ" ಅಂದರು.

ದೊಡ್ಡ ರೆಸಾರ್ಟ್ ಕಟ್ಟುವವರು, ವರ್ಷಕ್ಕೆ ನಾಲ್ಕಾರು ಕಂಟೇನರ್ ತರಿಸುವವರು, ಯಾವ ನಂಬರು ಅಂತ ಮುಂಚೆಯೇ ತೀರ್ಮಾನ (ಅಡ್ವಾನ್ಸ್ ರೂಲಿಂಗ್) ಕೇಳಬಹುದು. ದೆಹಲಿ, ಮುಂಬೈಯಲ್ಲಿ ಅದಕ್ಕೆ ಪ್ರಾಧಿಕಾರ ಇದೆ. ಅರ್ಜಿಗೆ ₹10,000, ಮೂರು ತಿಂಗಳಲ್ಲಿ ತೀರ್ಪು, ಅದು ಕೆಲವು ವರ್ಷ ನಡೆಯುತ್ತದೆ. ನನ್ನಂಥ ಒಂದು ಕೋಣೆಯವನಿಗೆ ಅದು ಜಾಸ್ತಿ ಆಯಿತು. ಇನ್ನೊಂದು ಮಾತು, ಸ್ವಂತ ಕಟ್ಟಡಕ್ಕೆ ಹಾಕಿದ ಆ ಐಜಿಎಸ್‌ಟಿಯನ್ನು ವಾಪಸ್ ಪಡೆಯುವ ಆಸೆ ಇಟ್ಟುಕೊಳ್ಳಬೇಡಿ. ಬಜೆಟ್ಟಿನಲ್ಲಿ ಅದನ್ನು ಖರ್ಚು ಅಂತಲೇ ಬರೆಯಿರಿ.

ಬಿ-14ರ ಕಲೆಗೆ ಕಳೆದ ವರ್ಷ ಆಚಾರಿ ಉಪ್ಪುಕಾಗದ ಹಿಡಿದು ಏಣಿ ಹತ್ತಿದ್ದರು. ಒಂದು ಮೂಲೆ ಉಜ್ಜಿದರು, ಕೆಳಗಿಂದ ಬಂದ ಬಣ್ಣ ಬೇರೆ. ತೊಲೆಗೆ ತೊನ್ನು ಹತ್ತಿದ ಹಾಗೆ ಕಂಡಿತು. ಇಳಿಸಿದೆ. ಬಲಕ್ಕೆ ಏನೂ ತೊಂದರೆ ಇಲ್ಲ, ನೋಡಲು ಮಾತ್ರ. ಪೆಟ್ಟಿಗೆ ಮರ ಅಂದಿದ್ದ ಅದೇ ಆಚಾರಿ ಈಗ ಮಗಳ ಮನೆಗೆ ಈ ಕಂಪನಿಯ ನಂಬರು ಕೇಳಿಕೊಂಡು ಹೋಗಿದ್ದಾರೆ.

ಹೊಸ ಕೋಣೆಯ ತೊಲೆಗಳ ಮೇಲೆ ನಾನು ಕೇಳಿದ್ದಕ್ಕೆ ಕಂಪನಿಯವರು ತುಂಡಿನ ನಂಬರಿನ ಪಕ್ಕ ಕಪ್ಪು ಮಾರ್ಕರಿನಲ್ಲಿ ಕೋಡನ್ನೂ ಬರೆದು ಕಳಿಸಿದ್ದರು. ಅಳಿಸುವುದು ಮರೆತುಹೋಯಿತು. ಮಂಚದ ಮೇಲೆ ಮಲಗಿದರೆ ನೇರವಾಗಿ ಕಾಣುತ್ತದೆ. ಹೋದ ವಾರ ಬೆಂಗಳೂರಿನಿಂದ ಬಂದ ಹುಡುಗರು ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರು. "ಅಂಕಲ್, 441881 ಹಾಕಿದ್ವಿ, ವೈಫೈ ಕನೆಕ್ಟ್ ಆಗ್ತಿಲ್ಲ."